ಮೇಕೆದಾಟು ಕಟ್ಟುವ ಮೊದಲು ಒಂದು ಪಟ್ಟಿ ಮಾಡಿಸಿ

ಮಾನ್ಯ ಜಲಸಂಪನ್ಮೂಲ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ವಿಜಯನಗರದವಳು. ನಮ್ಮ ಸಂಪಿಗೆ ಬರುವುದು ಕಾವೇರಿ ನೀರು, ಅದೂ ದಿನ ಬಿಟ್ಟು ದಿನ. ಹಾಗಾಗಿ ಕಾವೇರಿಗೆ ಕಟ್ಟಹೊರಟಿರುವ ಮೇಕೆದಾಟು ಅಣೆಕಟ್ಟೆ ಬೇಡ ಎಂದು ಬರೆಯುತ್ತಿಲ್ಲ. ಮುಳುಗುವ ಮೊದಲು ಅಲ್ಲಿರುವುದನ್ನೆಲ್ಲ ಬರೆದಿಡಿ ಎಂದಷ್ಟೇ ಕೇಳುತ್ತಿದ್ದೇನೆ.

ಅಮ್ಮ ಸಾಗರದ ಕಡೆಯವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಅವಳ ಊರು ಶರಾವತಿ ಹಿನ್ನೀರಿಗೆ ಹೋಯಿತು. ನಮ್ಮ ಮನೆಯಲ್ಲಿ ಇಸವಿ ಹೇಳುವ ರೂಢಿಯೇ ಇಲ್ಲ. ‘ಮುಳುಗಡೆಗೆ ಮುಂಚೆ’, ‘ಮುಳುಗಡೆ ಆದ್ಮೇಲೆ’, ಅಷ್ಟೇ. ಬಾಗಿಲು, ದಾರಂದ, ಒರಳುಕಲ್ಲು ಎಲ್ಲ ಲಾರಿ ಹತ್ತಿದವಂತೆ. ತೋಟದ ಮೂಲೆಯಲ್ಲಿ ದೇವತೆಯೆಂದು ಪೂಜಿಸುತ್ತಿದ್ದ ಚೌಡಿ ಕಲ್ಲನ್ನು ಕೀಳಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಅಜ್ಜಿ ಕಾಯಿ ಒಡೆದು, “ಇನ್ನು ನಿನ್ನ ದಾರಿ ನಿಂಗೆ” ಅಂದಳಂತೆ. ದೊಡ್ಡಮ್ಮನ ಮಕ್ಕಳು ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಅದನ್ನು ಬರೆದರೆ ಇನ್ನೊಂದು ಪತ್ರವಾದೀತು.

ಅಲ್ಲಿ ಹುಟ್ಟಿದ ಕರೆಂಟು ಬೆಂಗಳೂರಿನ ಬಲ್ಬಿಗೂ ಬಂತು. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು ಮಾತ್ರ 60 ವರ್ಷ ಲಾಂಚ್ ಕಾದರು. ಸೇತುವೆ ಆದದ್ದು 2025ರ ಜುಲೈನಲ್ಲಿ!

ನೀರು ತೀರಾ ಇಳಿದ ಬೇಸಿಗೆಯಲ್ಲಿ 1948ರ ಮಡೆನೂರು ಅಣೆಕಟ್ಟೆ ಮೇಲೆ ಕಾಣುತ್ತದೆ. ಹೌದು, ಅಣೆಕಟ್ಟೆಯೊಳಗೆ ಮುಳುಗಿದ ಅಣೆಕಟ್ಟೆ. ಒಮ್ಮೆ ಅಮ್ಮನನ್ನು ಕರೆದೊಯ್ದಿದ್ದೆ. ಎಲ್ಲರೂ ಅದರ ಮುಂದೆ ಸೆಲ್ಫಿ ಹೊಡೆಯುತ್ತಿದ್ದರು. ಅಮ್ಮ ಅದರತ್ತ ನೋಡಲೇ ಇಲ್ಲ. ಕೆಸರಿನಲ್ಲಿ ನಿಂತ ಕಪ್ಪು ಬೊಡ್ಡೆಗಳ ಕಡೆ ಕೈ ಮಾಡಿ ಒಂದೊಂದೇ ಕೇರಿಯ ಹೆಸರು ಹೇಳುತ್ತಾ ಹೋದಳು. ಮೊಬೈಲ್ ಮ್ಯಾಪಿನಲ್ಲಿ ಹುಡುಕಿದೆ. ಬರೀ ನೀಲಿ.

ಈಗ ಮೇಕೆದಾಟು. 67.16 ಟಿಎಂಸಿ ಸಂಗ್ರಹ, ಬೆಂಗಳೂರು ಸುತ್ತಮುತ್ತಲಿಗೆ 4.75 ಟಿಎಂಸಿ ಕುಡಿಯುವ ನೀರು, 400 ಮೆಗಾವಾಟ್ ವಿದ್ಯುತ್. ಇದಕ್ಕೆ ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ, ಬಹುಪಾಲು ಕಾವೇರಿ ವನ್ಯಜೀವಿಧಾಮದ ಕಾಡು. ಅರ್ಕಾವತಿ ಬಂದು ಸೇರುವ ಸಂಗಮ, ಮುತ್ತತ್ತಿ, ಈ ಹೆಸರುಗಳೂ ಮುಳುಗಡೆಯ ಮಾತಿನಲ್ಲಿ ಕೇಳಿಬರುತ್ತಿವೆ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಎಂದು ಹೆಸರಿಟ್ಟಿದ್ದು ಇಲ್ಲಿಯ ಆಂಜನೇಯ ಮುತ್ತತ್ತಿರಾಯನ ಮೇಲಿನ ಭಕ್ತಿಯಿಂದಲೇ ಅಲ್ವಾ?

ಕೆಆರ್‌ಎಸ್ ನೀರಿನಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಬಿಚ್ಚಿ, ಕಲ್ಲುಕಲ್ಲಿಗೂ ನಂಬರ್ ಹಾಕಿ, ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಒಳ್ಳೆಯದೇ. ಆದರೆ ಅದು ದೊಡ್ಡ ಗುಡಿ. ಚೌಡಿ ಕಲ್ಲಿಗೆ ಯಾರು ನಂಬರ್ ಹಾಕುತ್ತಾರೆ?

ಗಡಿಕಲ್ಲು ನೆಡುವ ಮೊದಲು ಶಾಸನ ಓದಬಲ್ಲವರೊಬ್ಬರನ್ನು, ಸರ್ವೆಯರ್ ಒಬ್ಬರನ್ನು ಮೇಕೆದಾಟಿನಿಂದ ಮುಳುಗುವ ಊರುಗಳಿಗೆ ಕಳಿಸಿ. ದನ ಕಾಯುವವರನ್ನು, ಮೀನು ಹಿಡಿಯುವವರನ್ನು ಜೊತೆಗೆ ನಡೆಸಿ. ವೀರಗಲ್ಲು, ಮಡು, ಕಾಲುದಾರಿ, ಬಂಡೆಗಳ ಹೆಸರು ಎಲ್ಲ ಬರೆಸಿ. ಆ ಪಟ್ಟಿಯನ್ನು ಕನ್ನಡದಲ್ಲೇ ಪಂಚಾಯಿತಿ ಗೋಡೆಗೆ ಅಂಟಿಸಿ. ಬಿಟ್ಟುಹೋದದ್ದನ್ನು ಊರವರು ಸೇರಿಸಲಿ. ಆಮೇಲೆ ನೀರು ನಿಲ್ಲಿಸುವ ಮಾತು.

ಇಂತಿ,
ವಿಜಯನಗರದ ಒಬ್ಬ ನಿವಾಸಿ