ಹಲ್ಲು ಕೀಳಿಸೋಕೆ ಹೋಗಿದ್ದೆ

ನಿನ್ನೆಗೆ ನನ್ನ ಬಾಯಿ ಕ್ಯಾನ್ಸರ್ ಆಪರೇಷನ್ ಆಗಿ ಎರಡು ವರ್ಷ. ಹುಬ್ಬಳ್ಳಿಯಲ್ಲಿ ಚೆಕಪ್ ಮುಗಿಸಿ ರಾತ್ರಿ ಗಂಗಾವತಿಗೆ ವಾಪಸ್ ಬಂದೆ. ಡಾಕ್ಟ್ರು ಬಾಯಿಗೆ ಲೈಟ್ ಬಿಟ್ಟು ನೋಡಿದರು, ಕುತ್ತಿಗೆ ಒತ್ತಿ ನೋಡಿದರು. 'ಎಲ್ಲಾ ಚೆನ್ನಾಗೈತಿ. ಇನ್ನು ಆರು ತಿಂಗಳಿಗೊಮ್ಮೆ ಬಂದ್ರೆ ಸಾಕು' ಅಂದರು. ಇಲ್ಲಿ ತನಕ ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆ.

ಥ್ಯಾಂಕ್ಸ್ ಹೇಳಬೇಕಾದವರು ಬಹಳ ಜನ ಇದ್ದಾರೆ. ಮೊದಲು ಹೇಳಬೇಕಾದದ್ದು ನಮ್ಮೂರಿನ ಒಬ್ಬ ಹಲ್ಲಿನ ಡಾಕ್ಟ್ರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಮೇಡಂ ಅಂತಲೇ ಬರೀತೀನಿ.

ನಾನು ಅಕ್ಕಿ ಮಿಲ್ಲಿನಲ್ಲಿ ತೂಕ ಬರೆಯುವ ಗುಮಾಸ್ತ. ಇಪ್ಪತ್ತು ವರ್ಷದ ಮೇಲೆ ಗುಟ್ಕಾ ಜಗಿದಿದ್ದೇನೆ, ಯಾವಾಗಲೂ ಎಡಗಡೆ ದವಡೆಯಲ್ಲೇ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ಬಂದ್ ಆದಾಗ ನಾಲ್ಕು ದಿನ ಬಿಟ್ಟೆ. ಐದನೇ ದಿನ ಅಂಗಡಿಯವನು ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್ ಬೇರೆ ಬೇರೆ ಕೊಟ್ಟ. ಎರಡೂ ಹರಿದು ಕೂಡಿಸಿದರೆ ಮತ್ತೆ ಅದೇ!

ಆಮೇಲಾಮೇಲೆ ಮಿರ್ಚಿ ತಿಂದರೆ ಬಾಯಿ ಉರಿಯೋಕೆ ಶುರುವಾಯಿತು. ಹಿಟ್ಟಿಗೆ ಖಾರ ಜಾಸ್ತಿ ಹಾಕ್ತಾನೆ ಅಂತ ಬಂಡಿಯವನಿಗೇ ಬೈದೆ. ರೊಟ್ಟಿ ಸಣ್ಣ ಸಣ್ಣ ತುತ್ತು ಮಾಡಿ ತಿನ್ನುತ್ತಿದ್ದೆ. ಕೆನ್ನೆ ಒಳಗೆ ಒಂದು ಹುಣ್ಣು ಬಂತು. ಒಂದು ಮೆಡಿಕಲ್ ಅಂಗಡಿಯಲ್ಲಿ ಮುಲಾಮು, ಬಿ ಕಾಂಪ್ಲೆಕ್ಸ್ ಗುಳಿಗೆ ಕೊಟ್ಟರು. ಎರಡು ತಿಂಗಳು ಅದರಲ್ಲೇ ಹೋಯಿತು. ನೋವಿಲ್ಲ ಅಲ್ವಾ, ಅದಕ್ಕೇ ಸುಮ್ನಿದ್ದೆ.

ಕಡೆಗೆ ನನ್ನನ್ನು ಡಾಕ್ಟ್ರ ಹತ್ತಿರ ಎಳೆದುಕೊಂಡು ಹೋದದ್ದು ಮುರಿದ ಹಲ್ಲು. ಅದರ ಚೂಪು ಕೆನ್ನೆಗೆ ತಾಗುತ್ತಿತ್ತು. ಕುರ್ಚಿ ಮೇಲೆ ಮಲಗಿ, 'ಮೇಡಂ, ಇದೊಂದು ಕಿತ್ತುಬಿಡ್ರಿ' ಅಂದೆ.

'ಹಲ್ಲು ಆಮೇಲೆ ನೋಡೋಣ್ರಿ ಅಣ್ಣಾರ, ಬಾಯಿ ಪೂರ್ತಿ ತೆಗೀರಿ' ಅಂದರು. ತೆಗೆದಿದ್ದೇ ಅಷ್ಟು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಡಿ ಅಂದರು. ಎರಡೇ ಹೋದವು, ಅವೂ ಬಿಗಿಯಾಗಿ. ಆಮೇಲೆ ಬಿಳಿ ಬಟ್ಟೆಯಲ್ಲಿ ನಾಲಿಗೆ ತುದಿ ಹಿಡಿದು ಎಡಕ್ಕೆ, ಬಲಕ್ಕೆ ಎಳೆದು ಅಂಚು ನೋಡಿದರು. ನಾಲಿಗೆ ಕೆಳಗೆ ನೋಡಿದರು. ತುಟಿ ಮಗುಚಿದರು. ಕೆನ್ನೆ ಒಳಗೆ ಬೆರಳಾಡಿಸಿದರು. ಹುಣ್ಣಿನ ಸುತ್ತ ಬಿಳಿ ಮಚ್ಚೆ ಇತ್ತಂತೆ. ಹತ್ತಿಯಲ್ಲಿ ಒರೆಸಿದರು, ಹೋಗಲಿಲ್ಲ. ಗದ್ದದ ಕೆಳಗೆ, ಕುತ್ತಿಗೆಯ ಎರಡೂ ಕಡೆ ಒತ್ತಿ ಗಂಟು ಹುಡುಕಿದರು. ಎಲ್ಲ ಸೇರಿ ಐದು ನಿಮಿಷ ಇರಬಹುದು. ಬಿಲ್ ಏರಿಸೋಕೆ ಇಷ್ಟೆಲ್ಲಾ ಅಂದುಕೊಂಡೆ. ಆ ಮಾತಿಗೆ ಇವತ್ತು ಕ್ಷಮೆ ಕೇಳ್ತೀನಿ ಮೇಡಂ.

ಹಲ್ಲು ಕೀಳಲೇ ಇಲ್ಲ. ಅದರ ಚೂಪನ್ನಷ್ಟೇ ಉಜ್ಜಿ ನುಣ್ಣಗೆ ಮಾಡಿದರು. 'ಹಲ್ಲು ತಾಗಿ ಆದ ಹುಣ್ಣಾದರೆ ಎರಡು ವಾರದಲ್ಲಿ ಮಾಯಬೇಕು. ಮಾಯದಿದ್ದರೆ ಬೇರೆ ಏನೋ ಇದೆ ಅಂತ' ಅಂದರು. ನನ್ನ ಅಂಗಿ ಜೇಬಿನಿಂದ ಇಣುಕುತ್ತಿದ್ದ ತಂಬಾಕಿನ ಪ್ಯಾಕೆಟ್ ತಗೊಂಡು ತಿರುಗಿಸಿ ತೋರಿಸಿದರು. 1800-11-2356 ಅಂತ ಇತ್ತು. ಬಿಡಬೇಕು ಅನ್ನುವವರಿಗೆ ಪುಕ್ಕಟೆ ಫೋನ್ ನಂಬರ್. ವರ್ಷಗಟ್ಟಲೆ ಹರಿದು ಬಿಸಾಕಿದ ಪ್ಯಾಕೆಟ್ ಮೇಲೆ ಇದ್ದದ್ದು! ಆಮೇಲೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು.

ಬರೀ ತಂಬಾಕಲ್ಲ, ಅಡಿಕೆಯೂ ಕ್ಯಾನ್ಸರ್ ತರುತ್ತದೆ, ಬಾಯಿ ಬಿಗಿಯುವಂತೆ ಮಾಡುವುದೇ ಅಡಿಕೆ ಅಂತ ಅವತ್ತೇ ಗೊತ್ತಾದದ್ದು. ಶಿವಮೊಗ್ಗ ಕಡೆಯ ನನ್ನ ಬೀಗರು ಸಿಟ್ಟಾಗಬಾರದು.

ಹದಿನೈದನೇ ದಿನ ನಾನು ಹೋಗಲಿಲ್ಲ. ಸುಗ್ಗಿ, ಲಾರಿಗಳ ಸಾಲು. ಕ್ಲಿನಿಕ್ಕಿನ ಹುಡುಗಿ ಮೂರು ಸಲ ಫೋನ್ ಮಾಡಿದಳು. ನಾಲ್ಕನೇ ಸಲ ಮೇಡಂ ಅವರೇ ಮಾಡಿ, ನಮ್ಮ ಮನೆಯವಳಿಗೆ ಫೋನ್ ಕೊಡಿ ಅಂದರು. ಅಲ್ಲಿಗೆ ನನ್ನ ಆಟ ಮುಗಿಯಿತು.

ಹುಣ್ಣು ಹಾಗೇ ಇತ್ತು. ಚೀಟಿ ಬರೆದು ಬಳ್ಳಾರಿಯ ಸರ್ಕಾರಿ ಡೆಂಟಲ್ ಕಾಲೇಜಿಗೆ ಕಳಿಸಿದರು. ಅಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಂದು ಚೂರು ತೆಗೆದರು. ಭತ್ತದ ಚೀಲಕ್ಕೆ ಚುಚ್ಚಿ ಒಂದು ಹಿಡಿ ತೆಗೆದು ನೋಡ್ತೀವಲ್ಲ, ಹಾಗೆ. ಕ್ಯಾನ್ಸರ್ ಅಂತಲೇ ಬಂತು. ಆದರೆ ಎರಡು ಸೆಂಟಿಮೀಟರಿನ ಒಳಗೆ, ಕುತ್ತಿಗೆಯ ಗಂಟುಗಳಿಗೆ ಹರಡಿರಲಿಲ್ಲ. ಮೊದಲ ಹಂತ. ಕ್ಯಾನ್ಸರ್ ಅಂದರೆ ನಮಗೆ ಗೊತ್ತಿದ್ದದ್ದು ಬೆಂಗಳೂರಿನ ಕಿದ್ವಾಯಿ, ಆಮೇಲೆ ಸಾವು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕರೆಂಟು, ಅಂದರೆ ರೇಡಿಯೇಷನ್, ಕೊಡುವ ಪ್ರಸಂಗವೂ ಬರಲಿಲ್ಲ. ಮೇಡಂ ಕೀಳದೆ ಬಿಟ್ಟ ಆ ಹಲ್ಲೂ ಆಪರೇಷನ್‌ನಲ್ಲೇ ಹೋಯಿತು.

ಕಷ್ಟ ಇದ್ದದ್ದು ಆಮೇಲೆ. ಬಾಯಿ ಮತ್ತೆ ಬಿಗಿಯದಂತೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ದಿನಕ್ಕೆ ನಾಲ್ಕೈದು ಸಲ. ಕಣ್ಣಲ್ಲಿ ನೀರು ಬರುತ್ತಿತ್ತು. ಮಗಳು ಎದುರಿಗೆ ಕೂತು ಎಣಿಸುತ್ತಿದ್ದಳು. ಎಂಟು ಕಡ್ಡಿಯಿಂದ ಶುರುವಾಗಿ ಈಗ ಹದಿನೇಳಕ್ಕೆ ಬಂದಿದೆ. ಮಗಳೇ, ನಿನಗೂ ಥ್ಯಾಂಕ್ಸ್. ಮೂರು ತಿಂಗಳು ಮನೆಯಲ್ಲೇ ಕೂರಿಸಿ ಸಂಬಳ ಕೊಟ್ಟ ಸಾಹುಕಾರ್ರಿಗೆ, ರಕ್ತ ಕೊಡೋಕೆ ಹುಬ್ಬಳ್ಳಿಗೇ ಬಂದ ನಮ್ಮ ನಾಲ್ವರು ಹಮಾಲರಿಗೆ, ತಿಂಗಳುಗಟ್ಟಲೆ ಅನ್ನ ಕಿವುಚಿ ಗಂಜಿ ಮಾಡಿದ ನನ್ನವಳಿಗೆ ಏನು ಹೇಳಲಿ.

ಮಿಲ್ಲಿನಲ್ಲಿ ಈಗಲೂ ಬಹಳ ಜನ ಜಗಿಯುತ್ತಾರೆ. ನಾನು ಭಾಷಣ ಮಾಡಲ್ಲ. ಮೂರು ಬೆರಳು ಬಾಯಿಗೆ ಇಡಿ ಅಂತೀನಿ, ಅಷ್ಟೇ. ಎರಡೇ ಹೋದವರು ಇಬ್ಬರು ಸಿಕ್ಕಿದ್ದಾರೆ. ರೊಕ್ಕ ಇಲ್ಲ ಅನ್ನುವವರಿಗೆ, 30 ದಾಟಿದವರ ಬಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ನೋಡ್ತಾರೆ ಅಂತಲೂ ಹೇಳಿದ್ದೇನೆ. ಈ ಭಾನುವಾರ ಮೇಡಂ ಹತ್ತಿರ ಬರ್ತೀವಿ ಅಂದವರು ಒಂಬತ್ತು ಜನ. ಬೆಳಗ್ಗೆ ಹತ್ತಕ್ಕೆ ಮಿಲ್ಲಿನ ಗೇಟಿಗೆ ಬನ್ನಿ. ನಾಷ್ಟಾ ನನ್ನದು. ಒಗ್ಗರಣೆ ಎಲ್ಲರಿಗೂ, ಮಿರ್ಚಿ ನಿಮಗಷ್ಟೇ.