ಭಾನುವಾರ ವಾಡೆಯ ಸಾಮಾನು ನೋಡಲು ಬರುವವರಿಗೆ

ಸದಸ್ಯರೇ, ಭಾನುವಾರ ಬೆಳಿಗ್ಗೆ 8ಕ್ಕೆ ಧಾರವಾಡದ ಜ್ಯುಬಿಲಿ ವೃತ್ತದಲ್ಲಿ ಸೇರೋಣ. ಸಮೀಪದ ಹಳ್ಳಿಯಲ್ಲಿ ಹಳೆಯ ವಾಡೆ, ಅಂದರೆ ದೊಡ್ಡ ಮನೆ, ಕೆಡವುತ್ತಿದ್ದಾರೆ. ಹಂಡೆ, ಸಮೆ (ಎತ್ತರದ ದೀಪ), ಧಾನ್ಯ ಅಳೆಯುವ ಸೇರು, ಸಾಗವಾನಿ ಬಾಗಿಲು, ಎರಡು ಕಸೂತಿ ಸೀರೆ ಮಾರುತ್ತಾರಂತೆ.

ಕಿಸೆಯಲ್ಲಿ ಅಯಸ್ಕಾಂತ ಇರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ. ಬಾಗಿಲಿನ ತೂತುಗಳಿಂದ ಹೊಸ ಹುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ, ಅಂಥದ್ದನ್ನು ಮನೆಗೆ ಒಯ್ಯಬೇಡಿ. ಕೈಕಸೂತಿಯಾದರೆ ಸೆರಗು ತಿರುವಿ ನೋಡಿ: ಗಂಟು ಕಾಣಬಾರದು. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿ ಒಂದೇ ರೀತಿ ಕಾಣುತ್ತವೆ.

ತಂದ ಮೇಲೆ ಉಜ್ಜುವ ಆತುರ ಬೇಡ. ಕಳೆದ ವರ್ಷ ನಾನೇ ಒಂದು ಸಮೆಗೆ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯಿಸಿದೆ. ಸ್ಟುಡಿಯೋದಲ್ಲಿ ಚಿತ್ರ ಬರೆಯಲು ಕುಳಿತರೆ ಅದರ ಮೇಲೆ ನೆರಳೇ ನಿಲ್ಲಲಿಲ್ಲ. ಎಷ್ಟೋ ವರ್ಷಗಳ ಕಂದು ಬಣ್ಣ ಅರ್ಧ ಗಂಟೆಯಲ್ಲಿ ಬಚ್ಚಲಿಗೆ ಹೋಗಿತ್ತು. ಒಣ ಹತ್ತಿಬಟ್ಟೆ ಸಾಕು.

ವಿಗ್ರಹ, ವೀರಗಲ್ಲು, ಗುಡಿಯ ಕಂಬದ ತುಂಡು ಯಾರಾದರೂ ತೋರಿಸಿದರೆ ಬೆಲೆಯನ್ನೂ ಕೇಳಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ. ಮಹತ್ವದ ಹಸ್ತಪ್ರತಿಗೆ 75 ವರ್ಷವೇ ಸಾಕು. ಲಕ್ಕುಂಡಿಯ ಕಲ್ಲು ಲಕ್ಕುಂಡಿಯಲ್ಲೇ ಚೆಂದ.

ಚೌಕಾಸಿ ಮಾಡಿ, ಆದರೆ ಅಜ್ಜಿಯ ಎದುರಿಗೆ ಅವರ ಹಂಡೆಯನ್ನು ಗುಜರಿ ಎನ್ನಬೇಡಿ. ಟೆಂಪೋ ಬಾಡಿಗೆ ಹಂಚಿಕೊಳ್ಳೋಣ. ಬರುವವರು ಶುಕ್ರವಾರದೊಳಗೆ ಹೆಸರು ತಿಳಿಸಿ.