ಲೈಬ್ರರಿಯಲ್ಲಿ ಪಕ್ಕ ಕೂತಿದ್ದ ಅಕ್ಕನಿಗೆ

ಹೋದ ಸೋಮವಾರ ಮಾನಸಗಂಗೋತ್ರಿಯ ಲೈಬ್ರರಿಯಲ್ಲಿ ನನಗೆ ಸಹಾಯ ಮಾಡಿದ ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಆನ್‌ಲೈನ್ ಕೋರ್ಸಿಗೆ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ವಾರಕ್ಕೊಂದು ಪೋಸ್ಟ್ ಹಾಕಲೇಬೇಕಿತ್ತು. ನಾನು ಅದರ ಹತ್ತಿರವೂ ಸುಳಿದವಳಲ್ಲ. ಗುರುತಿಲ್ಲದವರು ನನ್ನ ಮಾತು ಓದುತ್ತಾರೆ ಅಂದರೇ ಕೈ ನಡುಗುತ್ತಿತ್ತು. ನೀವು ನಿಮ್ಮ ಓದು ಬಿಟ್ಟು ಕುರ್ಚಿ ಎಳೆದುಕೊಂಡು ಕೂತಿರಿ. ಫೋನ್ ನಂಬರ್‌ನಿಂದ ನನ್ನನ್ನು ಹುಡುಕುವ ಆಯ್ಕೆಯನ್ನು ಮೊದಲು ತೆಗೆಸಿದಿರಿ. ಪಾಸ್‌ವರ್ಡ್ ಹೊಡೆಯುವಾಗ ಮುಖ ಆಚೆ ತಿರುಗಿಸಿಕೊಂಡಿರಿ. ಅದು ನನಗೆ ತುಂಬಾ ಹಿಡಿಸಿತು.

ಬರೆದದ್ದು ಒಂದು ಪೋಸ್ಟಿನ ಮಿತಿಯಾದ 280 ಅಕ್ಷರದೊಳಗೆ ಹಿಡಿಯುತ್ತಲೇ ಇರಲಿಲ್ಲ. 'ಕ್ಷಿ' ನಮಗೆ ಒಂದೇ ಅಕ್ಷರ, ಅಲ್ವಾ? ಅಲ್ಲಿ ಅದು ನಾಲ್ಕು. ಕ, ಅದನ್ನು ಅರ್ಧ ಮಾಡುವ ಗುರುತು, ಷ, ಗುಡಿಸು. ಬೆರಳು ಮಡಚಿ ಎಣಿಸಿ ತೋರಿಸಿದಿರಿ. "ಅದಕ್ಕೇಂತ ಇಂಗ್ಲಿಷಿಗೆ ಹೋಗಬೇಡ, ಎರಡು ಪೋಸ್ಟ್ ಮಾಡಿ ಒಂದರ ಕೆಳಗೊಂದು ಸೇರಿಸು" ಅಂದಿರಿ.

ಹಾಗೇ ಮಾಡಿದೆ. ರಾತ್ರಿ ಹತ್ತಕ್ಕೆ ಧಾರವಾಡದ ಸಹಪಾಠಿಯೊಬ್ಬರು ನನ್ನ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಬರೆದಿದ್ದರು. ಮೂರು ಸಲ ಓದಿದೆ.

ಅವತ್ತೇ ನಿಮಗೊಂದು ಟೀ ಕೊಡಿಸಬೇಕಿತ್ತು. ಬರುವ ಸೋಮವಾರ ಅದೇ ಮೇಜಿನ ಹತ್ತಿರ ಇರುತ್ತೇನೆ. ತುಂಬಾ ಥ್ಯಾಂಕ್ಸ್ ಅಕ್ಕಾ.